ವ್ಯಸನ ಚಿಕಿತ್ಸೆ: ಸರ್ಕಾರವೇ ನಡೆಸಬೇಕೋ, ಅನುದಾನ ಕೊಡಬೇಕೋ?

ಸರ್ಕಾರಿ ಆಸ್ಪತ್ರೆಗಳನ್ನು ಬೆಳೆಸುವುದೋ, ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ನೀಡುವುದೋ ಎಂದು ಕೇಳಿದ್ದೀರಿ. ಸುರಕ್ಷತೆಯೇ ಮೊದಲ ಮಾತು. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ, ಎರಡು ಮೂರು ದಿನಗಳಲ್ಲಿ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಣ್ಣಿಗೆ ಕಂಡು ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ, ತೀವ್ರ ಅವಲಂಬನೆ ಇರುವವರಿಗೆ ರಾತ್ರಿಯೂ ವೈದ್ಯರಿರುವ ಆಸ್ಪತ್ರೆಯೇ ಮೇಲು. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ, ಹೆರಾಯಿನ್, ಅಫೀಮಿನಂಥ ಮಾದಕಗಳ ವ್ಯಸನಕ್ಕೆ ಕೊಡುವ ಔಷಧಗಳಾದ ಮೆಥಡೋನ್, ಬ್ಯುಪ್ರೆನಾರ್ಫಿನ್‌ಗಳ ದಾಸ್ತಾನು ಮತ್ತು ಲೆಕ್ಕಪತ್ರವೂ ಅಲ್ಲಿ ಸುಲಭ.

ಆದರೆ ವ್ಯಸನ ಮರುಕಳಿಸುವ ಕಾಯಿಲೆ. ಬಿಡುಗಡೆಯಾದವರ ಮನೆಬಾಗಿಲಿಗೆ ತಿಂಗಳುಗಟ್ಟಲೆ ಹೋಗಿ ವಿಚಾರಿಸುವುದರಲ್ಲಿ, ನನ್ನ ಅಭಿಪ್ರಾಯದಲ್ಲಿ, ಸಂಸ್ಥೆಗಳೇ ಚುರುಕು. ಅನುದಾನ ತಡವಾದರೆ ಮಾತ್ರ ಆಪ್ತಸಮಾಲೋಚಕರು ಕೆಲಸ ಬಿಡುತ್ತಾರೆ, ಕಟ್ಟಿದ ನಂಬಿಕೆಯೂ ಕಳಚುತ್ತದೆ. ಆದ್ದರಿಂದ ಹಣ ಸಕಾಲಕ್ಕೆ ತಲುಪುವ, ರೋಗಿಗಳನ್ನು ಕೂಡಿಹಾಕದಂತೆ ಮುನ್ಸೂಚನೆಯಿಲ್ಲದ ತಪಾಸಣೆ ನಡೆಯುವ ಕಡೆಗಳಲ್ಲಿ ಅನುದಾನದ ದಾರಿ ಸೂಕ್ತ.