ಕೃತ್ತಿಕೆಯ ಫೋಟೊ ತೆಗೆಯಲು ಹೊರಟಿದ್ದೀರಾ? ಮೊದಲು ಇಬ್ಬನಿಯಿಂದ ಲೆನ್ಸ್ ಕಾಪಾಡಿಕೊಳ್ಳಿ

ಚಳಿಗಾಲದ ಅಮಾವಾಸ್ಯೆಗೆ ಕ್ಯಾಮೆರಾ ಹೊತ್ತು ಮಲೆನಾಡಿನ ಕಡೆ ಹೊರಡುವವರು ದಯವಿಟ್ಟು ಇದನ್ನು ಓದಿ ಹೊರಡಿ. ಒಂದು ರಾತ್ರಿ ನಾನು ಮಾಡಿದ ತಪ್ಪಿನಿಂದ ನಮ್ಮ ಚಿಕ್ಕಪ್ಪನ ಲೆನ್ಸ್ ಹಾಳಾಯಿತು. ಇಪ್ಪತ್ತು ವರ್ಷ ಮದುವೆಮನೆಗಳಲ್ಲಿ ಅವರ ಜೊತೆ ಓಡಾಡಿದ 70-200 ಲೆನ್ಸ್ ಅದು. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ.

ಅವತ್ತು 2024ರ ಎಳ್ಳಮಾವಾಸ್ಯೆ, ಡಿಸೆಂಬರ್ 30. ಮೂಡಿಗೆರೆ ಹತ್ತಿರ ಸೋದರತ್ತೆಯ ಮನೆಯ ಕಾಫಿ ಕಣದಲ್ಲಿ ಟ್ರೈಪಾಡ್ ನಿಲ್ಲಿಸಿದ್ದೆ. ನಮ್ಮ ಕಡೆ ಧ್ರುವ ನಕ್ಷತ್ರ ಬರೀ 13 ಡಿಗ್ರಿ ಎತ್ತರದಲ್ಲಿರುತ್ತದೆ. ತೋಟದಲ್ಲಿ ಎಲ್ಲಿ ನಿಂತರೂ ಸಿಲ್ವರ್ ಮರಗಳು ಅದನ್ನು ಮರೆ ಮಾಡುತ್ತವೆ. ಕಣದ ಒಂದು ಮೂಲೆಯಿಂದ ಮಾತ್ರ ಕಾಣುತ್ತಿತ್ತು. ನಕ್ಷತ್ರಗಳು ಸರಿದಂತೆ ಕ್ಯಾಮೆರಾವನ್ನೂ ನಿಧಾನಕ್ಕೆ ತಿರುಗಿಸುವ ಟ್ರ್ಯಾಕರನ್ನು ಧ್ರುವ ನಕ್ಷತ್ರ ನೋಡಿಯೇ ಹೊಂದಿಸಬೇಕು. ಅಲ್ಲೇ ನಿಂತು ಹೊಂದಿಸಿದೆ. ಒಂದೊಂದು ನಿಮಿಷದ 240 ಫೋಟೊ, ಒಟ್ಟು ನಾಲ್ಕು ಗಂಟೆ. ಕೃತ್ತಿಕೆಯ ನಕ್ಷತ್ರಗಳಷ್ಟೇ ಸಾಕು ಅಂದ್ರೆ ಇಷ್ಟು ಹೊತ್ತು ಬೇಡ. ನನಗೆ ಅವುಗಳ ಸುತ್ತ ಹರಡಿರುವ ನೀಲಿ ಧೂಳು ಬೇಕಿತ್ತು. ಆ ಧೂಳಿಗೆ ಸ್ವಂತ ಬೆಳಕಿಲ್ಲ. ನಕ್ಷತ್ರಗಳ ಬೆಳಕು ಅದಕ್ಕೆ ತಾಗಿ ಚದುರಿದಾಗ ತೆಳ್ಳಗೆ ಕಾಣುತ್ತದೆ. ಸುಮಾರು 440 ಜ್ಯೋತಿರ್ವರ್ಷ ದೂರದಿಂದ ಬರುವ ಆ ನೀಲಿಯನ್ನು ಕ್ಯಾಮೆರಾ ಸ್ವಲ್ಪ ಸ್ವಲ್ಪವೇ ಕೂಡಿಸಿಕೊಳ್ಳಬೇಕು.

ಸಂಜೆಯೇ ಕೆಲಸದವರು ಒಣಗಲು ಹರಡಿದ್ದ ಕಾಫಿಯನ್ನು ರಾಶಿ ಮಾಡಿ, ಟಾರ್ಪಾಲು ಹೊದಿಸಿ ಹೋಗಿದ್ದರು. ಊಟಕ್ಕೆ ಕರೆಯಲು ಬಂದ ಅತ್ತೆ ಅದನ್ನೇ ತೋರಿಸಿ ಕೇಳಿದರು: "ಇಬ್ಬನಿ ಬೀಳತ್ತೆ ಅಂತ ಕಾಫಿಗೇ ಮುಚ್ಚಿದೀವಿ. ನಿನ್ನ ಕ್ಯಾಮೆರಾಗೆ ಏನೂ ಮುಚ್ಚಲ್ವಾ ಮಾರಾಯ?" ಮುಚ್ಚಿದ್ರೆ ಆಕಾಶ ಕಾಣಲ್ಲ ಅತ್ತೆ ಅಂದೆ. ಎಂಟೂವರೆಗೆ ಶಟರ್ ಶುರು ಮಾಡಿ ಒಳಗೆ ಹೋದೆ. ಊಟ ಆಯಿತು. ಹೊರಗೆ ಚಳಿ. ಸುಮ್ನೆ ಹತ್ತು ನಿಮಿಷ ಅಂತ ಕಂಬಳಿ ಹೊದ್ದು ಮಲಗಿದವನಿಗೆ ನಿದ್ದೆ ಹತ್ತಿತು.

ಹನ್ನೆರಡೂವರೆಗೆ ಎದ್ದು ಹೋಗಿ ಟಾರ್ಚ್ ಬಿಟ್ಟರೆ ಲೆನ್ಸಿನ ಮುಂಗಾಜು ಬೆಳ್ಳಗಾಗಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ನೋಡಿದೆ. ಮೊದಲ 52 ಫೋಟೊ ಚೆನ್ನಾಗಿದ್ದವು. ಅಲ್ಲಿಂದ ನಕ್ಷತ್ರಗಳು ಊದಿಕೊಳ್ಳುತ್ತಾ, ಮಸುಕಾಗುತ್ತಾ ಹೋಗಿವೆ. ನೂರು ದಾಟಿದ ಮೇಲೆ ಏನೂ ಇಲ್ಲ.

ಯಾಕೆ ಹೀಗಾಗುತ್ತದೆ ಅಂತ ಮೊದಲೇ ತಿಳಿದುಕೊಂಡಿದ್ದರೆ ನಾನು ಮಲಗುತ್ತಿರಲಿಲ್ಲ. ಮೋಡವಿಲ್ಲದ ರಾತ್ರಿ ಗಾಜು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತದೆ. ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ಲೆನ್ಸ್ ನೇರ ಮೇಲಕ್ಕೆ ನೋಡುತ್ತಿದ್ದರೆ ಇದು ಇನ್ನೂ ಜಾಸ್ತಿ. ಡಿಸೆಂಬರ್ ಕೊನೆಯಲ್ಲಿ ಒಂಬತ್ತೂವರೆ ಹೊತ್ತಿಗೆ ಕೃತ್ತಿಕೆ ಇರುವುದು ಹೆಚ್ಚುಕಡಿಮೆ ನಮ್ಮ ನೆತ್ತಿಯ ಮೇಲೆ. ನನ್ನ ಫೋಟೊಗಳು ಕೆಡಲು ಶುರುವಾದದ್ದೂ ಅದೇ ಹೊತ್ತಿಗೆ.

ಫೋಟೊ ಹೋದರೆ ಮುಂದಿನ ಅಮಾವಾಸ್ಯೆ ಇದೆ. ದೊಡ್ಡ ತಪ್ಪು ನಾನು ಆಮೇಲೆ ಮಾಡಿದ್ದು. ಗಾಬರಿಯಲ್ಲಿ ಹೆಗಲ ಮೇಲಿದ್ದ ಟವೆಲಿನಿಂದಲೇ ಗಾಜು ಒರೆಸಿದೆ. ಇಬ್ಬನಿಯ ಜೊತೆ ಕಣದ ಧೂಳೂ ಕೂತಿರುತ್ತದೆ, ಒರೆಸಿದರೆ ಗೀರು ಬೀಳುತ್ತದೆ. ಮತ್ತೆ ಮಂಜು ಕಟ್ಟಿತು. ಬೆಚ್ಚಗಾದರೆ ಸರಿಹೋಗಬಹುದು ಅಂತ ಲೆನ್ಸನ್ನು ಬಚ್ಚಲುಮನೆಗೆ ಒಯ್ದು ಒಲೆಯ ಪಕ್ಕ ಇಟ್ಟೆ. ಹಂಡೆಯ ನೀರು ಇನ್ನೂ ಹಬೆಯಾಡುತ್ತಿತ್ತು. ತಣ್ಣಗಿನ ಗಾಜಿಗೆ ಆ ಹಬೆಗಿಂತ ಕೆಟ್ಟದ್ದು ಬೇರೆ ಇಲ್ಲ. ಹೊರಗಿನ ಗಾಜಷ್ಟೇ ಅಲ್ಲ, ಒಳಗಿನ ಗಾಜುಗಳ ಮೇಲೂ ತೇವ ಕೂತಿತು. ಕೊನೆಗೆ ಮುಚ್ಚಳ ಹಾಕಿ, ಲೆನ್ಸಿನ ಮುಂದೆ ಸಿಕ್ಕಿಸುವ ಹುಡ್ ಒದ್ದೆಯಾಗಿದ್ದರೂ ಅದರ ಜೊತೆಗೇ ಬ್ಯಾಗಿಗೆ ಸೇರಿಸಿದೆ. ಬೆಂಗಳೂರಿಗೆ ಬಂದು ಬ್ಯಾಗನ್ನು ಬೀರುವಿನ ಮೇಲಿಟ್ಟವನು ಅದನ್ನು ತೆಗೆದದ್ದು ಸಂಕ್ರಾಂತಿ ಕಳೆದ ಮೇಲೆ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು ಹರಡಿದ್ದವು. ಫಂಗಸ್.

ಬಿಸಿಲಿಗಿಟ್ಟರೆ ಹೋಗುತ್ತೆ ಅಂದವರಿದ್ದಾರೆ. ದಯವಿಟ್ಟು ಇಡಬೇಡಿ. ಫಂಗಸ್ ಸತ್ತರೂ ಅದು ಗಾಜಿನ ಮೇಲಿನ ತೆಳು ಲೇಪ (ಕೋಟಿಂಗ್) ತಿಂದ ಗುರುತು ಹೋಗುವುದಿಲ್ಲ. ಮೇಲಾಗಿ ಮುಚ್ಚಳ ತೆಗೆದ ಲೆನ್ಸ್ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಂದೆಡೆ ಸೇರಿಸಿ ಬೆಂಕಿ ಹೊತ್ತಿಸಬಲ್ಲದು. ನಾನು ರಿಪೇರಿಗೆ ಕೊಟ್ಟೆ. ಬಿಚ್ಚಿ ಶುಚಿ ಮಾಡಿದರು, ಕಲೆ ಉಳಿಯಿತು. ಈಗ ಹೊಳೆಯುವ ನಕ್ಷತ್ರ ಯಾವುದಿದ್ದರೂ ಅದರ ಸುತ್ತ ಮಬ್ಬು ಬರುತ್ತದೆ. ಚಿಕ್ಕಪ್ಪನ ಮುಂದೆ ಇಟ್ಟಾಗ ಅವರು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು. "ಹೋಗ್ಲಿ ಬಿಡು" ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಈಗ ನಾನು ಡ್ಯೂ ಹೀಟರ್ ಇಲ್ಲದೆ ಹೊರಡುವುದಿಲ್ಲ. ಲೆನ್ಸಿನ ಮುಂಭಾಗಕ್ಕೆ ಸುತ್ತುವ ಬೆಚ್ಚಗಿನ ಪಟ್ಟಿ ಅದು, ಪವರ್ ಬ್ಯಾಂಕಿನಿಂದ ನಡೆಯುತ್ತದೆ. 5 ವ್ಯಾಟ್ ಸಾಕು. 20,000 ಎಂಎಎಚ್ ಪವರ್ ಬ್ಯಾಂಕ್ ಇದ್ದರೆ ರಾತ್ರಿ ಕಳೆಯಬಹುದು. ಆದರೆ ಮಂಜು ಕಟ್ಟಿದ ಮೇಲೆ ಹಚ್ಚಿದರೆ ತಡ. ಶುರುವಿನಿಂದಲೇ ಹಚ್ಚಿಡಿ, ಪಟ್ಟಿ ಬೆಚ್ಚಗಾದ ಮೇಲೆ ಫೋಕಸ್ ಮಾಡಿ. ಉದ್ದದ ಹುಡ್ ಹಾಕಿ. ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಗಾಜು ನೋಡಿ. ಚಳಿ ಏರಿದಂತೆ ಫೋಕಸ್ಸೂ ಸರಿಯುತ್ತದೆ, ಅದನ್ನೂ ಆಗಲೇ ನೋಡಿಕೊಳ್ಳಿ.

ಲೆನ್ಸ್ ಒಣಗಿದ್ದರೆ ಹೊರಗಿನ ಚಳಿಯಲ್ಲೇ ಜಿಪ್ ಕವರಿಗೆ ಹಾಕಿ, ಗಾಳಿ ಹೋಗದಂತೆ ಮುಚ್ಚಿ, ಆಮೇಲೆ ಒಳಗೆ ತನ್ನಿ. ಎರಡು ಮೂರು ಗಂಟೆ ತೆಗೆಯಬೇಡಿ. ತೇವ ಕವರಿನ ಹೊರಗೆ ಕೂರುತ್ತದೆ, ಗಾಜಿನ ಮೇಲಲ್ಲ. ಒದ್ದೆಯಾಗಿದ್ದರೆ ಮಾತ್ರ ಕವರಿಗೆ ಹಾಕಬೇಡಿ, ನೀರು ಒಳಗೇ ಉಳಿಯುತ್ತದೆ. ಮೊದಲು ಹೀಟರಿನಿಂದಲೋ, ಹೇರ್ ಡ್ರೈಯರಿನ ಕಡಿಮೆ ಬಿಸಿಯಿಂದಲೋ ಒಣಗಿಸಿ. ಮನೆಯಲ್ಲಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ, ತೇವಾಂಶ 40ರಿಂದ 50 ಪರ್ಸೆಂಟ್ ಒಳಗಿರಲಿ.

ಹೋದ ಚಳಿಗಾಲದಲ್ಲಿ ನಿಮ್ಮ ಲೆನ್ಸಿಗೂ ಇಬ್ಬನಿ ತಾಗಿದ್ದರೆ ಇವತ್ತೇ ತೆಗೆದು ನೋಡಿ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು, ಮುಂದಿನಿಂದ ಗಾಜಿನ ಅಂಚನ್ನು ಗಮನಿಸಿ. ಸಣ್ಣ ಎಳೆ ಕಂಡರೂ ಆ ಲೆನ್ಸನ್ನು ಉಳಿದವುಗಳಿಂದ ಬೇರೆ ಇಟ್ಟು, ಬೇಗ ರಿಪೇರಿಗೆ ಕೊಡಿ.