ಪಿ.ಬಿ. ರೋಡಿನ ಫಾರ್ವರ್ಡಿಂಗ್ ಆಫೀಸು: ಮಂಡಕ್ಕಿ ದುಬೈಗೆ ಕಳ್ಸೋರು ಓದ್ರಿ

ನಾವು ದಾವಣಗೆರೆಯಿಂದ ಮಂಡಕ್ಕಿ, ಅವಲಕ್ಕಿ, ಚಟ್ನಿಪುಡಿ ದುಬೈ ಕಡೆ ಕಳ್ಸೋರು, ಅಲ್ಲಿರೋ ನಮ್ಮ ಕಡೆ ಜನಕ್ಕೆ ಸಂಜಿಗೆ ಖಾರ ಮಂಡಕ್ಕಿ ಬೇಕೇ ಬೇಕು, ಹಂಗಾಗಿ ಮಾಲು ಓಡ್ತತಿ. ಪಿ.ಬಿ. ರೋಡಲ್ಲಿರೋ ಈ ಫಾರ್ವರ್ಡಿಂಗ್ ಆಫೀಸು ಹೆಂಗೆ ಅಂತ ಮಂಡಕ್ಕಿ ಭಟ್ಟಿ ಕಡೆಯವ್ರು ಆಗಾಗ ಕೇಳ್ತಿರ್ತಾರೆ, ಅದಕ್ಕೆ ಬರೀತಿದೀನಿ. ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಅಂತ ಆಮೇಲೆ ಹೇಳ್ತೀನಿ.

ಇವ್ರ ಹತ್ರ ಹಡಗೂ ಇಲ್ಲ, ಲಾರಿನೂ ಇಲ್ಲ. ಲಾರಿ ಗೊತ್ತು ಮಾಡೋದು, ಶಿಪ್ಪಿಂಗ್ ಲೈನಲ್ಲಿ ಜಾಗ ಬುಕ್ ಮಾಡೋದು, ಕಸ್ಟಮ್ಸ್ ಬ್ರೋಕರ್ ಕೈಲಿ ಶಿಪ್ಪಿಂಗ್ ಬಿಲ್ (ಕಸ್ಟಮ್ಸಿಗೆ ಕೊಡೋ ರಫ್ತಿನ ಅರ್ಜಿ) ಹಾಕ್ಸೋದು, ಲೆಟ್ ಎಕ್ಸ್‌ಪೋರ್ಟ್ ಆರ್ಡರ್ (ಕಸ್ಟಮ್ಸಿನ ಒಪ್ಪಿಗೆ) ಆದ್ಮೇಲೆ ಮಾಲು ಹಡಗು ಹತ್ತಿಸಿ ಬಿಲ್ ಆಫ್ ಲೇಡಿಂಗ್ (ಹಡಗಿನವ್ರು ಕೊಡೋ ಮಾಲಿನ ರಸೀದಿ, ಆ ಕಡೆ ಮಾಲು ಬಿಡಿಸ್ಕೊಳ್ಳೋಕೆ ಬೇಕಾದ ಕಾಗದ) ತಂದುಕೊಡೋದು, ಇಷ್ಟು ಇವ್ರ ಕೆಲ್ಸ. ಐಇಸಿ (ಆಮದು ರಫ್ತು ಮಾಡೋಕೆ ಬೇಕಾದ ಕೋಡು), ಬ್ಯಾಂಕಿನ ಎಡಿ ಕೋಡು (ರಫ್ತಿನ ದುಡ್ಡು ಬರೋ ಬ್ಯಾಂಕಿನ ಗುರುತು), ಜಿಎಸ್‌ಟಿ ಎಲ್‌ಯುಟಿ (ತೆರಿಗೆ ಕಟ್ಟದೇ ರಫ್ತು ಮಾಡೋಕೆ ಬರೆದುಕೊಡೋ ಮುಚ್ಚಳಿಕೆ) ಎಲ್ಲಾ ನಮ್ಮ ಹೆಸ್ರಲ್ಲೇ ಇರ್ಬೇಕು, ಎಡಿ ಕೋಡಂತೂ ಮಾಲು ಹೋಗೋ ಪೋರ್ಟಿಗೆ ರಿಜಿಸ್ಟರ್ ಆಗಿರ್ಲಿಲ್ಲ ಅಂದ್ರೆ ಶಿಪ್ಪಿಂಗ್ ಬಿಲ್ ಮುಂದಕ್ಕೇ ಹೋಗಲ್ಲ. ಇದನ್ನ ಆಫೀಸಿನವ್ರು ಮೊದ್ಲ ದಿನವೇ ಕೂರ್ಸಿ ಹೇಳಿದ್ರು, ಚಾ ಕೂಡ ಕೊಡ್ಸಿದ್ರು.

ಈಗ ಅಸಲು ವಿಷ್ಯ. ಮಂಡಕ್ಕಿಗೆ ತೂಕ ಇಲ್ಲ, ಜಾಗ ಮಾತ್ರ ಸಿಕ್ಕಾಪಟ್ಟೆ ತಿಂತತಿ. ಕಂಟೇನರ್ ತುಂಬೋಷ್ಟು ಮಾಲಿಲ್ಲದವ್ರದ್ದು ಬೇರೆಯವ್ರ ಮಾಲಿನ ಜೊತೆ ಸೇರ್ಸಿ ಹೋಗ್ತತಿ, ಅದಕ್ಕೆ ಎಲ್‌ಸಿಎಲ್ ಅಂತಾರೆ, ಅಲ್ಲಿ ಒಂದು ಘನ ಮೀಟರ್ ಅಂದ್ರೆ ಒಂದು ಟನ್ನು ಅಂತ ಲೆಕ್ಕ, ಎರಡ್ರಲ್ಲಿ ಯಾವ್ದು ಜಾಸ್ತಿನೋ ಅದ್ರ ಮೇಲೆ ಬಿಲ್ಲು. ನಮ್ಮ ಮಂಡಕ್ಕಿ ಒಂದು ಘನ ಮೀಟರ್‌ಗೆ ಟನ್ನಿನ ಹತ್ರಕ್ಕೂ ಬರಲ್ಲ, ಅಂದ್ರೆ ನಾವು ದುಡ್ಡು ಕಟ್ಟೋದು ಪೂರ್ತಿ ಗಾಳಿಗೇ! ಇದಕ್ಕೆ ಇವ್ರ ಹುಡುಗ ಒಬ್ಬ ಟೇಪ್ ಹಿಡ್ಕೊಂಡು ನಮ್ಮ ಗೋಡೌನಿಗೇ ಬಂದ, ಚೀಲ ಎಲ್ಲಿ ಉಬ್ಬೈತೋ ಅಲ್ಲೇ ಟೇಪ್ ಹಿಡಿದು ಅಳೆದ, ಪೋರ್ಟ್ ಹತ್ರ ಎಲ್ಲರ ಮಾಲು ಸೇರ್ಸಿ ಕಂಟೇನರ್ ತುಂಬೋ ಗೋಡೌನು, ಅಂದ್ರೆ ಸಿಎಫ್‌ಎಸ್‌ನಲ್ಲೂ ಹಿಂಗೇ ಅಳೆಯೋದಣ್ಣ, ಚೀಲ ಬಿಟ್ಟು ಚೌಕ ಕಾರ್ಟನ್ನಿಗೆ ಹಾಕ್ರಿ ಅಂದ. ಹಾಕಿದ್ವಿ, ಅಳತೆ ಇಳೀತು, ಬಿಲ್ಲೂ ಇಳೀತು. ಬರೀ ರೇಟ್ ಕಾರ್ಡ್ ವಾಟ್ಸಾಪ್ ಮಾಡಿ ಕೈ ತೊಳ್ಕೊಳ್ಳೋರು ಈ ಕೆಲ್ಸ ಮಾಡಲ್ಲ ಬಿಡ್ರಿ.

ಪೂರ್ತಿ ಕಂಟೇನರ್ ತಗೊಂಡ್ರೂ ಇದೇ ಕಥೆ. 20 ಅಡಿದ್ರಲ್ಲಿ ಒಳಗಿನ ಜಾಗ ಸುಮಾರು 33 ಘನ ಮೀಟರ್, ಆದ್ರೆ ಕಾರ್ಟನ್ ಜೋಡ್ಸಿದ್ರೆ ಹಿಡಿಯೋದು 28ರ ಆಸುಪಾಸು, ಮಂಡಕ್ಕಿ ಒಂದೇ ತುಂಬಿದ್ರೆ ಜಾಗ ಮುಗೀತತಿ ತೂಕದ ಮಿತಿ ಮಾತ್ರ ಹಂಗೇ ಉಳೀತತಿ. ಕೆಳಗೆ ರಾಗಿ ಹಿಟ್ಟು, ಚಟ್ನಿಪುಡಿ, ಮೇಲೆ ಮಂಡಕ್ಕಿ ಅಂತ ಪ್ಲಾನ್ ಹಾಕ್ಕೊಟ್ಟಿದ್ದೂ ಇವ್ರೇ. ಬಾಗ್ಲು ಹಾಕೋ ಮೊದ್ಲು ಒಳಗೆ ನಿಂತು ಮೂಸಿ ನೋಡ್ತಾರೆ, ಹಿಂದಿನ ಮಾಲಿನ ವಾಸ್ನೆ ಇದ್ರೆ ಕಂಟೇನರ್ ವಾಪಸ್. ತೇವ ಹೀರೋ ಚೀಲ ಗೋಡೆಗೆ ತೂಗು ಹಾಕ್ಸ್ತಾರೆ, ಸಮುದ್ರದ ಮೇಲೆ ಕಂಟೇನರ್ ಒಳಗೆ ಬೆವರಿ ನೀರು ತೊಟ್ಟಿಕ್ತತಿ, ಮಂಡಕ್ಕಿ ಮೆತ್ತಗಾದ್ರೆ ಯಾರು ತಿಂತಾರೆ.

ಕಾಗದ ಪತ್ರದಲ್ಲೂ ಪಕ್ಕಾ. 2023ರ ಜುಲೈನಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ಸರ್ಕಾರ ನಿಲ್ಸಿದಾಗ ನಮ್ಮ ಪೇಟೆಲಿ ಮಂಡಕ್ಕಿನೂ ಹೋಗಲ್ಲ ಅಂತ ಗುಲ್ಲೆದ್ದಿತ್ತು, ಇವ್ರು ಮಾತ್ರ ಎಚ್‌ಎಸ್ ಕೋಡ್ (ಕಸ್ಟಮ್ಸಲ್ಲಿ ಮಾಲಿಗೆ ಇರೋ ನಂಬರು) ತೋರ್ಸಿ, ಅಕ್ಕಿ 1006ರಲ್ಲಿ ಬರ್ತತಿ, ಮಂಡಕ್ಕಿ ಅವಲಕ್ಕಿ 1904ರಲ್ಲಿ, ಸುಮ್ನೆ ಗಾಬರಿ ಆಗ್ಬ್ಯಾಡ್ರಿ ಅಂದ್ರು. ಯುಎಇ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿ ಐತಿ, ಅದಕ್ಕೆ ಬೇಕಾದ, ಮಾಲು ನಮ್ಮ ದೇಶದ್ದೇ ಅನ್ನೋ ಸರ್ಟಿಫಿಕೇಟ್ ಆಫ್ ಒರಿಜಿನ್ನಿಗೂ ಇವ್ರೇ ಅರ್ಜಿ ಹಾಕ್ತಾರೆ. ಪಾರ್ಟಿಯಿಂದ, ಅಂದ್ರೆ ದುಬೈಲಿ ಮಾಲು ಕೊಳ್ಳೋರಿಂದ, ಬಾಕಿ ದುಡ್ಡು ಬರೋ ತನಕ ಬಿಲ್ ಆಫ್ ಲೇಡಿಂಗ್ ಸರೆಂಡರ್ ಮಾಡಲ್ಲ (ಮಾಲು ಬಿಡೋಕೆ ಅಂತ ವಾಪಸ್ ಒಪ್ಪಿಸಲ್ಲ), ನಾವು ಹೂಂ ಅಂದ್ಮೇಲೇ ಅಲ್ಲಿ ಮಾಲು ಬಿಡ್ತಾರೆ.

ರೇಟು? ಅಗ್ಗ ಅಲ್ಲ. ಇವ್ರಿಗಿಂತ ಕಮ್ಮಿಗೆ ಒಯ್ಯೋರು ಇದಾರೆ, ಹಿಂದೆ ಇನ್ನೊಬ್ಬ ಫಾರ್ವರ್ಡರ್ ಹಡಗಿನ ಬಾಡಿಗೆ ಹತ್ತತ್ರ ಪುಕ್ಕಟೆ ಅನ್ನೋ ಥರ ಕೋಟ್ ಕೊಟ್ಟಿದ್ದ, ದುಬೈಯ ಜೆಬೆಲ್ ಅಲಿ ಪೋರ್ಟ್ ಮುಟ್ಟಿದ್ಮೇಲೆ ಡೆಲಿವರಿ ಆರ್ಡರ್ ಚಾರ್ಜು, ಹ್ಯಾಂಡ್ಲಿಂಗು, ಅದೂ ಇದೂ ಅಂತ ನಮ್ಮ ಪಾರ್ಟಿ ಹತ್ರ ವಸೂಲಿ ಮಾಡ್ದ, ಪಾರ್ಟಿ ಫೋನ್ ಮಾಡಿ ನಮ್ಮನ್ನ ಬೈದಿದ್ದು ಇನ್ನೂ ಕಿವಿಲಿ ಐತಿ. ಎಲ್‌ಸಿಎಲ್‌ನಲ್ಲಿ ಇದು ಹಳೇ ಆಟ. ಇವ್ರು ಆ ಕಡೆ ಖರ್ಚನ್ನೂ ಕೋಟಲ್ಲೇ ಬರೆದು ಕೊಡ್ತಾರೆ, ಎಫ್‌ಒಬಿ (ಹಡಗು ಹತ್ತಿಸೋ ತನಕ ಮಾತ್ರ ಖರ್ಚು ನಮ್ದು) ಆದ್ರೆ ಯಾರ ತಲೆ ಮೇಲೆ ಎಷ್ಟು, ಸಿಐಎಫ್ (ಹಡಗಿನ ಬಾಡಿಗೆ, ವಿಮೆನೂ ನಮ್ದೇ) ಆದ್ರೆ ಎಷ್ಟು ಅಂತ ಬೇರೆ ಬೇರೆ. ಮಂಗಳೂರು ಹತ್ರ ಅಲ್ವಾ ಅಂತ ನಾನೂ ಕೇಳಿದ್ದೆ, ಎಲ್‌ಸಿಎಲ್‌ಗೆ ಮುಂಬೈ ಹತ್ರದ ನವಾ ಶೇವಾ ಪೋರ್ಟಿಂದ ಹಡಗು ಜಾಸ್ತಿ, ಹೈವೇ 48 ಹಿಡಿದ್ರೆ ಸೀದಾ ಆ ಕಡೆಗೇ ಹೋಗ್ತತಿ, ಮಳೆಗಾಲದಲ್ಲಿ ಮಂಗಳೂರು ಕಡೆ ಘಾಟಿ ಗೋಳೂ ತಪ್ಪತತಿ ಅಂದ್ರು. ಸರಿ ಅನ್ನಿಸ್ತು.

ಕಟ್ ಮಾಡಿದ ಸ್ಟಾರ್ ಯಾಕಂದ್ರೆ, ಶನಿವಾರ ಮಧ್ಯಾಹ್ನ ಆದ್ಮೇಲೆ ಫೋನ್ ಎತ್ತಲ್ಲ. ಒಂದ್ಸಲ ಶಿಪ್ಪಿಂಗ್ ಲೈನಿನವ್ರು ನಮ್ಮ ಕಂಟೇನರ್ ಬಿಟ್ಟು ಹಡಗು ಹೊರಡ್ಸಿದ್ರು, ಮುಂದಿನ ಹಡಗಿಗೆ ಹಾಕ್ತೀವಿ ಅಂತ. ಅದು ಇವ್ರ ತಪ್ಪಲ್ಲ, ಜಾಗ ಜಾಸ್ತಿ ಬುಕ್ ಮಾಡ್ಕೊಂಡು ಹಿಂಗೆ ಮಾಡೋದು ಲೈನಿನವ್ರ ರೂಢಿ, ಆದ್ರೆ ನಮಗೆ ಗೊತ್ತಾಗಿದ್ದು ಸೋಮವಾರ, ಅದೂ ದುಬೈಯಿಂದ ಪಾರ್ಟಿ ಹೇಳಿ. ಟ್ರ್ಯಾಕಿಂಗ್ ಲಿಂಕ್ ಕೊಡ್ತಾರೆ ಖರೆ, ಅದು ಅಪ್‌ಡೇಟ್ ಆಗೋದು ದೇವ್ರಿಗೇ ಪ್ರೀತಿ.

ಏರಲ್ಲಿ ಕಳ್ಸೋಣ ಅನ್ನೋರು ಮೊದ್ಲು ಕಾರ್ಟನ್ ಅಳೀರಿ, ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 6000ದಿಂದ ಭಾಗಿಸಿದ್ರೆ ಬರೋ ಕೆ.ಜಿ., ಇಲ್ಲಾ ಖರೆ ತೂಕ, ಯಾವ್ದು ಜಾಸ್ತಿನೋ ಅದಕ್ಕೆ ಬಿಲ್ಲು, ಅಂದ್ರೆ ಒಂದು ಘನ ಮೀಟರ್ ಮಂಡಕ್ಕಿಗೆ 167 ಕೆ.ಜಿ. ದುಡ್ಡು. ಚಟ್ನಿಪುಡಿ ಆದ್ರೆ ಏರ್ ಓಕೆ, ಮಂಡಕ್ಕಿಗೆ ಹಡಗೇ ಸೈ.