ವಯಸ್ಕರಿಗೆ ಓದು ಕಲಿಸಲು ಸ್ಟೋರಿವೀವರ್: ಕೆಲವು ವರ್ಷ ಬಳಸಿದ ಮೇಲೆ

ಶಿಡ್ಲಘಟ್ಟದ ಹತ್ತಿರದ ನಮ್ಮೂರಲ್ಲಿ ಸಂಜೆ ಹೊತ್ತು ಹೆಂಗಸರಿಗೆ ಓದು ಬರಹ ಕಲಿಸುತ್ತೇನೆ. ಹೆಚ್ಚಿನವರು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಯೂನಿಟ್‌ಗಳಲ್ಲಿ ಕೆಲಸ ಮುಗಿಸಿ ಬರುವವರು. ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಮಕ್ಕಳಿಗೆಂದೇ ಇರುವ ಪುಸ್ತಕಗಳ ಜಾಲತಾಣ. ನಾನು ಬಳಸುವುದು ಮಾತ್ರ ಈ ದೊಡ್ಡವರಿಗೆ, ಅದರಲ್ಲೂ ವಿಜ್ಞಾನದ ಪುಸ್ತಕಗಳನ್ನು. ದುಡ್ಡಿಲ್ಲ, ಪಿಡಿಎಫ್ ಇಳಿಸಿಕೊಳ್ಳಬಹುದು.

ಮೊಲ, ಅಳಿಲಿನ ಕಥೆ ಕೊಟ್ಟರೆ "ಮೊಮ್ಮಗನಿಗೆ ಕೊಡಿ ಮೇಡಂ" ಅಂತ ಪಕ್ಕಕ್ಕಿಡುತ್ತಾರೆ. ಹುಳ, ಗಿಡ, ನೀರು ಅಂದರೆ ತಪ್ಪು ಹುಡುಕಲೆಂದೇ ಓದುತ್ತಾರೆ!

ಇದರ ನಿಜವಾದ ಅನುಕೂಲ ಇರುವುದು ಪರವಾನಗಿಯಲ್ಲಿ. ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿ ಆದ್ದರಿಂದ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಪಠ್ಯ ಬದಲಿಸಿಕೊಳ್ಳಬಹುದು. ಅಲ್ಲಿನ ಚಿತ್ರ ಇಟ್ಟುಕೊಂಡು ರೇಷ್ಮೆ ಹುಳದ ಬಗ್ಗೆ ದೊಡ್ಡಕ್ಷರದಲ್ಲಿ ನಾಲ್ಕು ಪುಟ ಮಾಡಿದೆ. "ಹುಳ ಹಲವು ಸಲ ಪೊರೆ ಬಿಡುತ್ತದೆ" ಅಂತ ಒಂದು ಸಾಲು. ಒಬ್ಬ ಅಜ್ಜಿ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿಕೊಂಡು ಬಂದವರು ಅಲ್ಲೇ ನಿಂತರು. "ಹಲವು ಅಂದ್ರೆ ಏನಮ್ಮ? ನಾಲ್ಕು ಜ್ವರ ಅಂತ ಬರಿ." ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಪೆನ್ಸಿಲ್ ಕೊಟ್ಟೆ. ದಿನವಿಡೀ ಬಿಸಿನೀರಲ್ಲಿ ಗೂಡು ತಿರುವಿ ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು, ಪೆನ್ಸಿಲ್ ಜಾರುತ್ತಿತ್ತು. 'ಜ್ವ'ದ ಒತ್ತು ಎರಡು ಸಲ ಅಳಿಸಿ ಬರೆದರು. ಆಮೇಲೆ ಚಾಕಿ (ಮರಿ ಹುಳ ಸಾಕಣೆ), ಚಂದ್ರಿಕೆ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ) ಎಲ್ಲ ಸೇರಿಸಿ ಪಠ್ಯವನ್ನು ಅವರೇ ತಿದ್ದಿಸಿದರು.

ನೀರಿನ ಪಾಠಕ್ಕೂ ಹೀಗೇ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಕಾಟ ಗೊತ್ತಿದ್ದದ್ದೇ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಕುದಿಸಿದರೆ ರೋಗಾಣು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ ಅಂತ ಪಾಠದಲ್ಲಿ ಹಾಕಿದ್ದೆ. ಈ ಕೊನೆಯ ಮಾತನ್ನು ಯಾರೂ ನಂಬಲಿಲ್ಲ. ಹಾಗಾಗಿ ಎಲ್ಲರೂ ಮತ್ತೆ ಮತ್ತೆ ಓದಿದರು, ಜಗಳವಾಡುತ್ತಲೇ.

ತಾಣದಲ್ಲಿ ಓದಿನ ಹಂತಗಳಿವೆ, ಒಂದನೇ ಹಂತ ತೀರಾ ಸುಲಭದ್ದು. ಅವು ಮಕ್ಕಳ ಲೆಕ್ಕ. ನಾನು ನೋಡುವುದು ಪುಟದಲ್ಲಿ ಒತ್ತಕ್ಷರ ಎಷ್ಟಿವೆ ಅಂತ. 'ದ್ಯುತಿಸಂಶ್ಲೇಷಣೆ' ಕಂಡರೆ ತೆಗೆದು "ಎಲೆ ಬಿಸಿಲಲ್ಲಿ ಆಹಾರ ಮಾಡುತ್ತದೆ" ಅಂತ ಹಾಕುತ್ತೇನೆ.

ಮೊದಲು ದುಡ್ಡು ಕಟ್ಟಿ ಇನ್ನೊಂದು ಆ್ಯಪ್ ತಗೊಂಡಿದ್ದೆ. ಪಾಠ ಮುಗಿದಾಗೆಲ್ಲ ಚಪ್ಪಾಳೆ, ಬಲೂನು. ಐವತ್ತು ದಾಟಿದವರು ಮುಖ ಕಿವುಚಿದರು.

ಫೋನಲ್ಲಿ ಓದಿಸಬೇಡಿ, ಪ್ರಿಂಟ್ ತೆಗೆಸಿ. ಕಪ್ಪು ಬಿಳುಪು ಸಾಕು, ಅಂಚಿನಲ್ಲಿ ಅವರು ಬರೆಯಲು ಜಾಗ ಇರಲಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು. ದೊಡ್ಡವರ ಚಿತ್ರ ಹೆಚ್ಚಿದ್ದರೆ ಐದೂ ಕೊಡುತ್ತಿದ್ದೆ.